ಸೂರ್ಯನ ಹವಾಮಾನವನ್ನು ದಿನವೂ ಓದುವುದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಮಾರ್ಗದರ್ಶಿ

ಜಗಳೂರು ಕಡೆಯ ಎರೆ ಹೊಲಗಳಲ್ಲಿ ಜಮೀನು ಅಳತೆ ಮಾಡುವ ಹುಡುಗರನ್ನು ಮಾರ್ಚ್‌ನಲ್ಲೋ ಅಕ್ಟೋಬರ್‌ನಲ್ಲೋ ಒಮ್ಮೆ ಕೇಳಿ ನೋಡಿ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಹೊತ್ತು ಮುಳುಗಿದ ಮೇಲೆ ಉಳಿದ ನಾಲ್ಕು ಪಾಯಿಂಟ್ ಮುಗಿಸಿಬಿಡೋಣ ಅಂತ ನಿಂತರೆ ರೋವರ್, ಅಂದರೆ ಜಿಪಿಎಸ್ ಹಿಡಿದು ಅಳೆಯುವ ಮಷೀನು, ಸತಾಯಿಸುತ್ತದೆ. ಹಗಲೆಲ್ಲ ‘ಫಿಕ್ಸ್’ (ಸೆಂಟಿಮೀಟರ್ ನಿಖರತೆ) ಅಂತ ತೋರಿಸುತ್ತಿದ್ದದ್ದು ‘ಫ್ಲೋಟ್’ಗೆ (ಅಂದಾಜಿಗೆ) ಜಾರುತ್ತದೆ. ಸುತ್ತ ಒಂದು ಮರವಿಲ್ಲ, ಗೋಡೆಯಿಲ್ಲ. ಬೇಸ್ (ಒಂದೇ ಕಡೆ ನಿಲ್ಲಿಸಿದ ಜೊತೆ ಮಷೀನು) ಸರಿಯಾಗಿದೆ, ಬ್ಯಾಟರಿ ಇದೆ, ಸಿಮ್‌ನಲ್ಲಿ ನೆಟ್‌ವರ್ಕ್ ಇದೆ. ‘ಸಾರ್, ಮಷೀನ್ ಕೆಟ್ಟಿದೆ ಅನ್ಸುತ್ತೆ’ ಅಂತ ಆಫೀಸಿಗೆ ಫೋನು ಹೋಗುತ್ತದೆ. ಬೆಳಗಾದರೆ ಅದೇ ಮಷೀನು, ಅದೇ ಹೊಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮಷೀನಿಗೆ ಏನೂ ಆಗಿರುವುದಿಲ್ಲ. ತೊಂದರೆ ಇರುವುದು ನೆಲದಿಂದ ಮುನ್ನೂರು ಕಿಲೋಮೀಟರ್ ಮೇಲೆ, ಅಯಾನುಗೋಳದಲ್ಲಿ, ಅಂದರೆ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡಿರುವ ಮೇಲಿನ ಪದರದಲ್ಲಿ. ಅದನ್ನು ದಿನವೂ ಕಟ್ಟುವುದು, ಕೆಡಿಸುವುದು ಸೂರ್ಯ. ಸೂರ್ಯನಿಂದ ಭೂಮಿಯವರೆಗಿನ ಈ ಏರುಪೇರುಗಳನ್ನೇ ಬಾಹ್ಯಾಕಾಶ ಹವಾಮಾನ ಅನ್ನುತ್ತೇವೆ. ಮಳೆಯ ಮುನ್ಸೂಚನೆಯ ಹಾಗೇ ಇದರ ಮುನ್ಸೂಚನೆಯೂ ದಿನವೂ ಬರುತ್ತದೆ, ಪುಕ್ಕಟೆ ಸಿಗುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮುನ್ಸೂಚನೆಗಳನ್ನು ಬರೆಯುವವರ ಕಣ್ಣು ಹೆಚ್ಚಾಗಿ ಉತ್ತರದ ದೇಶಗಳ ಮೇಲಿರುತ್ತದೆ. ಅಲ್ಲಿ ಕಾಂತೀಯ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಜೋರು ಏರುಪೇರು) ಎದ್ದರೆ ವಿದ್ಯುತ್ ಜಾಲಕ್ಕೆ ಪೆಟ್ಟು, ಆಕಾಶದಲ್ಲಿ ಧ್ರುವಪ್ರಭೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಕಾಂತೀಯ ಸಮಭಾಜಕ (ಕಾಂತಕ್ಷೇತ್ರ ನೆಲಕ್ಕೆ ಸಮನಾಗಿರುವ ರೇಖೆ) ಭಾರತದ ದಕ್ಷಿಣ ತುದಿಯ ಹತ್ತಿರ, ತಿರುನಲ್ವೇಲಿ ಕಡೆ ಹಾದುಹೋಗುತ್ತದೆ. ಅದಕ್ಕೆ ನಾವು ತುಂಬಾ ಹತ್ತಿರ. ಹಾಗಾಗಿ ಅವರು ಕೆಂಪಕ್ಷರದಲ್ಲಿ ಬರೆದದ್ದು ಎಷ್ಟೋ ಸಲ ನಮಗೆ ಲೆಕ್ಕಕ್ಕಿಲ್ಲ. ಅವರು ‘ಶಾಂತ’ ಅಂತ ಬರೆದ ದಿನವೇ ನಮ್ಮ ಸಂಜೆ ಕೆಟ್ಟಿರಬಹುದು. ಅದೇ ಅಂಕಿಗಳನ್ನು ನಮ್ಮೂರಿನ ಲೆಕ್ಕದಲ್ಲಿ ಓದುವುದನ್ನು ಇಲ್ಲಿ ಹೇಳುತ್ತೇನೆ.

ಹಂತ 1: ಗಡಿಯಾರ ಸರಿಮಾಡಿಕೊಳ್ಳಿ

ಎಲ್ಲ ಅಂಕಿಗಳೂ ಯುಟಿಸಿ ಸಮಯದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿರುತ್ತವೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ಅಂದರೆ ಇವರ ‘ದಿನ’ ನಮಗೆ ಬೆಳಗ್ಗೆ 5.30ಕ್ಕೆ ಶುರುವಾಗುತ್ತದೆ. ಅಮೆರಿಕದ ನೋವಾ ಸಂಸ್ಥೆಯ ಸ್ಪೇಸ್ ವೆದರ್ ಪ್ರಿಡಿಕ್ಷನ್ ಸೆಂಟರ್ ಕೊಲರಾಡೊದ ಬೌಲ್ಡರ್‌ನಲ್ಲಿದೆ. ಅದರ ಮೂರು ದಿನದ ಮುನ್ಸೂಚನೆ ದಿನಕ್ಕೆರಡು ಸಲ, 00.30 ಮತ್ತು 12.30 ಯುಟಿಸಿಗೆ ಬರುತ್ತದೆ. ನಮಗದು ಬೆಳಗ್ಗೆ ಆರು, ಸಂಜೆ ಆರು. ಹೊಲಕ್ಕೆ ಹೊರಡುವ ಮುಂಚೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ನೋಡಲು ಹೇಳಿ ಮಾಡಿಸಿದ ಹಾಗಿದೆ.

ಆ ಮುನ್ಸೂಚನೆಯಲ್ಲಿ ಮೂರು ಗಂಟೆಗೊಂದರಂತೆ ದಿನಕ್ಕೆ ಎಂಟು ಮನೆಗಳಿರುತ್ತವೆ, ಒಂದೊಂದರಲ್ಲೂ ಒಂದು ಕೆಪಿ ಅಂಕಿ (ಅದೇನು ಅಂತ ಹಂತ 6ರಲ್ಲಿದೆ). ಇವುಗಳಲ್ಲಿ 12ರಿಂದ 15 ಅಂತ ಇರುವ ಮನೆ ನಮ್ಮ ಸಂಜೆ 5.30ರಿಂದ 8.30. ಅದರ ಮುಂದಿನದು ರಾತ್ರಿ 11.30ರವರೆಗೆ. ಈ ಎರಡು ಮನೆಗಳಿಗೆ ಗುರುತು ಹಾಕಿಟ್ಟುಕೊಳ್ಳಿ.

ಹಂತ 2: ಸೂರ್ಯನ ಮುಖ ನೋಡಿ

ಮೊದಲು ಸೌರಕಲೆಗಳು. ಅಮೆರಿಕದ ಎಸ್‌ಡಿಒ ಉಪಗ್ರಹ 2010ರಿಂದ ಸೂರ್ಯನ ಚಿತ್ರ ಕಳಿಸುತ್ತಿದೆ. ಅದರ ಬೆಳ್ಳಗಿನ ಬೆಳಕಿನ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಪ್ರತಿ ಗುಂಪಿಗೂ ಒಂದು ನಂಬರು. 2024ರ ಮೇ ತಿಂಗಳಲ್ಲಿ ಜಗತ್ತನ್ನೇ ಅಲ್ಲಾಡಿಸಿದ ಗುಂಪಿನ ನಂಬರು 13664. ದಿನದ ಪಟ್ಟಿಯಲ್ಲಿ ಮೊದಲ ಅಂಕಿ ಬಿಟ್ಟು 3664 ಅಂತಲೂ ಬರೆಯುತ್ತಾರೆ, ಗೊಂದಲ ಬೇಡ.

ನಂಬರಿಗಿಂತ ಮುಖ್ಯ ಅದರ ಮುಂದೆ ಬರೆದಿರುವ ಗ್ರೀಕ್ ಅಕ್ಷರ. ಆಲ್ಫಾ, ಬೀಟಾ ಅಂದರೆ ಸಾಧು ಗುಂಪು. ಗ್ಯಾಮಾ ಸೇರಿಕೊಂಡರೆ ಕಾಂತಕ್ಷೇತ್ರ ಸಿಕ್ಕುಸಿಕ್ಕಾಗಿದೆ ಅಂತ. ಡೆಲ್ಟಾ ಅಂತಲೂ ಇದ್ದರೆ ಎದುರುಬದುರು ಧ್ರುವಗಳು ಒಂದೇ ಕಲೆಯೊಳಗೆ ಒತ್ತೊತ್ತಾಗಿ ಕೂತಿವೆ ಎಂದರ್ಥ. ದೊಡ್ಡ ಸ್ಫೋಟಗಳು ಹೆಚ್ಚಾಗಿ ಇಂಥ ಗುಂಪುಗಳಿಂದಲೇ. ಗುಂಪು ಎಲ್ಲಿದೆ ಅನ್ನುವುದನ್ನೂ ನೋಡಿ. ನಡುಭಾಗದಲ್ಲಿದ್ದರೆ ಅದರ ಬಾಯಿ ನಮ್ಮ ಕಡೆಗಿದೆ. ಪೂರ್ವದ ಅಂಚಿನಲ್ಲಿ ಈಗಷ್ಟೇ ಮೂಡಿದ್ದರೆ ನಮ್ಮೆದುರಿಗೆ ಬರಲು ಇನ್ನೂ ಆರೇಳು ದಿನ ಬೇಕು.

ಪರದೆಯ ಮೇಲೆ ನೋಡಿ ಸಾಕು ಅನ್ನಿಸದವರಿಗೆ ಮನೆಯಲ್ಲೇ ಒಂದು ದಾರಿ ಇದೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು ಅಂತ ನನ್ನಾಸೆ. ಒಂದು ಚಿಕ್ಕ ಕನ್ನಡಿ ತಗೊಳ್ಳಿ. ದಪ್ಪ ಕಾಗದದಲ್ಲಿ 5 ಮಿಲಿಮೀಟರ್ ತೂತು ಮಾಡಿ ಕನ್ನಡಿಗೆ ಅಂಟಿಸಿ. ಅದನ್ನು ಅಂಗಳದಲ್ಲಿಟ್ಟು, ಬಿಸಿಲನ್ನು ಬಾಗಿಲಿನೊಳಗಿಂದ ಕತ್ತಲೆ ಕೋಣೆಯ ಬಿಳಿ ಗೋಡೆಗೆ ಹಾಯಿಸಿ. ಕನ್ನಡಿಯಿಂದ ಗೋಡೆ ಹತ್ತು ಮೀಟರ್ ದೂರವಿದ್ದರೆ ಗೋಡೆಯ ಮೇಲೆ ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯಬಿಂಬ ಬೀಳುತ್ತದೆ. ಇಪ್ಪತ್ತು ಮೀಟರ್ ಆದರೆ ಅದರ ಎರಡರಷ್ಟು. ಬಿಂಬ ದುಂಡಗಿರುವುದು ಕಾಗದದ ತೂತು ದುಂಡಗಿರುವುದರಿಂದ ಅಲ್ಲ, ಸೂರ್ಯನೇ ದುಂಡಗಿರುವುದರಿಂದ. ತೂತನ್ನು ಚೌಕವಾಗಿ ಕತ್ತರಿಸಿ ನೋಡಿ, ಬಿಂಬ ಆಗಲೂ ದುಂಡಗೇ ಇರುತ್ತದೆ. ಸಣ್ಣ ಕಲೆಗಳು ಇದರಲ್ಲಿ ಕಾಣುವುದಿಲ್ಲ. ಭೂಮಿಯ ಹತ್ತು, ಹದಿನೈದರಷ್ಟು ಅಗಲದ ಗುಂಪು ಬಂದ ದಿನ ಮಾತ್ರ ಬಿಂಬದಲ್ಲಿ ಮಾಸಲು ಮಚ್ಚೆ ಕಾಣುತ್ತದೆ. ಬಿಂಬ ನಿಧಾನವಾಗಿ ಗೋಡೆಯ ಮೇಲೆ ಸರಿಯುತ್ತಾ ಹೋಗುತ್ತದೆ, ಮಚ್ಚೆಯೂ ಅದರ ಜೊತೆಗೇ ಸರಿದರೆ ಅದು ಸೂರ್ಯನದ್ದು. ನಿಂತಲ್ಲೇ ನಿಂತರೆ ಗೋಡೆಯ ಕೊಳೆ. ಯಾರೂ ಕನ್ನಡಿಯೊಳಗೆ ಇಣುಕಬಾರದು, ಸೂರ್ಯನನ್ನು ನೇರವಾಗಿ ನೋಡಬಾರದು. ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲಂ ಯಾವುದೂ ಬೇಡ. ಕಣ್ಣು ಹೋದರೆ ವಾಪಸ್ ಬರಲ್ಲ.

ಸೂರ್ಯನ ಒಟ್ಟಾರೆ ಚುರುಕು ತಿಳಿಯಲು ಇನ್ನೊಂದು ಅಂಕಿ ಇದೆ: ಎಫ್ 10.7. ಇದು 10.7 ಸೆಂಟಿಮೀಟರ್ ತರಂಗದಲ್ಲಿ ಸೂರ್ಯನಿಂದ ಬರುವ ರೇಡಿಯೊ ಅಲೆಗಳ ಅಳತೆ. ಕೆನಡಾದ ಪೆಂಟಿಕ್ಟನ್‌ನಲ್ಲಿ ದಿನವೂ ಅಳೆಯುತ್ತಾರೆ. ಸೂರ್ಯ ಮಲಗಿದ್ದಾಗ 65-70. ಚುರುಕಾದಾಗ 200 ದಾಟುತ್ತದೆ. ಒಂದೇ ಒಂದು ಅಂಕಿ ನೋಡಲು ಪುರುಸೊತ್ತು ಇರುವವರು ಇದನ್ನೇ ನೋಡಿ ಅನ್ನುತ್ತೇನೆ. ನಮ್ಮ ಮೇಲಿನ ಅಯಾನುಗೋಳ ಎಷ್ಟು ದಟ್ಟವಾಗಿದೆ ಅನ್ನುವುದಕ್ಕೆ ಇದು ಒಳ್ಳೆಯ ಸೂಚನೆ.

ಸೂರ್ಯನ ಚುರುಕು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುವುದನ್ನು ಸೌರಚಕ್ರ ಅನ್ನುತ್ತಾರೆ. ಈಗ ನಡೆಯುತ್ತಿರುವುದು 25ನೆಯದು. 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಗರಿಷ್ಠ ಹಂತ ಮುಟ್ಟಿದೆ ಅಂತ ನಾಸಾ ಮತ್ತು ನೋವಾ 2024ರ ಅಕ್ಟೋಬರ್‌ನಲ್ಲಿ ಹೇಳಿದವು. ಚಕ್ರ ಇಳಿಯುವಾಗ ಕಲೆಗಳು ಕಮ್ಮಿಯಾದರೂ ಬಿರುಗಾಳಿಗಳು ತಕ್ಷಣ ಕಮ್ಮಿಯಾಗುವುದಿಲ್ಲ.

ಹಂತ 3: ಜ್ವಾಲೆ ಎದ್ದಿತಾ? ಎಷ್ಟು ಗಂಟೆಗೆ?

ಸೌರಜ್ವಾಲೆಗಳಿಗೆ (ಸೂರ್ಯನ ಮೇಲಿನ ಸ್ಫೋಟಗಳಿಗೆ) ಎ, ಬಿ, ಸಿ, ಎಂ, ಎಕ್ಸ್ ಅಂತ ದರ್ಜೆ. ಒಂದಕ್ಕಿಂತ ಮುಂದಿನದು ಹತ್ತು ಪಟ್ಟು ಜೋರು. ಸಿ ಬಂದರೆ ಏನೂ ತಲೆಕೆಡಿಸಿಕೊಳ್ಳಬೇಡಿ. ಎಂ1 ಮುಟ್ಟಿದರೆ ಆರ್1 ಮಟ್ಟದ (ಸಣ್ಣ) ರೇಡಿಯೊ ತಡೆ, ಎಕ್ಸ್1 ಮುಟ್ಟಿದರೆ ಆರ್3 (ಜೋರು).

ಜ್ವಾಲೆಯ ಎಕ್ಸ್-ಕಿರಣ ಬೆಳಕಿನ ವೇಗದಲ್ಲೇ ಬರುತ್ತದೆ, ಸುಮಾರು ಎಂಟು ನಿಮಿಷದಲ್ಲಿ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಪೆಟ್ಟೂ ಬಿದ್ದಾಗಿರುತ್ತದೆ. ಅದಕ್ಕೇ ಜ್ವಾಲೆಗೆ ‘ಇಂಥ ಗಂಟೆಗೆ ಬರುತ್ತದೆ’ ಅನ್ನುವ ಮುನ್ಸೂಚನೆ ಇಲ್ಲ. ಎಂ ದರ್ಜೆಗೆ ಇಷ್ಟು ಶೇಕಡ, ಎಕ್ಸ್ ದರ್ಜೆಗೆ ಇಷ್ಟು ಶೇಕಡ ಅಂತ ಸಾಧ್ಯತೆ ಮಾತ್ರ ಕೊಡುತ್ತಾರೆ.

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ. ಆಗ ನಮ್ಮಲ್ಲಿ ಹಗಲಿತ್ತಾ? ಜ್ವಾಲೆ ಕಾಡುವುದು ಸೂರ್ಯನ ಕಡೆ ಮುಖ ಮಾಡಿರುವ ಅರ್ಧ ಭೂಮಿಯನ್ನು ಮಾತ್ರ. ದಾವಣಗೆರೆಯ ನೆತ್ತಿಯ ಹತ್ತಿರ ಸೂರ್ಯ ಬರುವುದು ಮಧ್ಯಾಹ್ನ 12.30ರ ಆಸುಪಾಸು, ಅಂದರೆ 07.00 ಯುಟಿಸಿ. ಆ ಹೊತ್ತಿಗೆ ಎಕ್ಸ್ ಜ್ವಾಲೆ ಎದ್ದರೆ ಶಾರ್ಟ್‌ವೇವ್ ಕೇಳುವವರಿಗೆ, ಹ್ಯಾಮ್ ರೇಡಿಯೊದವರಿಗೆ ಎಲ್ಲ ಸ್ಟೇಷನ್ನೂ ಒಮ್ಮೆಗೇ ಮುಳುಗಿದ ಹಾಗಾಗುತ್ತದೆ. ಕೆಳಗಿನ ಬ್ಯಾಂಡ್‌ಗಳು ಮೊದಲು ಹೋಗುತ್ತವೆ, ಕೊನೆಗೆ ವಾಪಸ್ ಬರುತ್ತವೆ. ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಸರಿಹೋಗುತ್ತದೆ. ಅದೇ ಜ್ವಾಲೆ 18.00 ಯುಟಿಸಿಗೆ ಎದ್ದರೆ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ, ನಮಗೆ ಗೊತ್ತೇ ಆಗುವುದಿಲ್ಲ. ಎಫ್‌ಎಂ ಮತ್ತು ಮೊಬೈಲ್ ಅಲೆಗಳು ಅಯಾನುಗೋಳವನ್ನು ನೆಚ್ಚಿಕೊಂಡಿಲ್ಲ, ಅವಕ್ಕೆ ಇದರ ಬಿಸಿ ತಟ್ಟುವುದಿಲ್ಲ.

ಹಂತ 4: ಎರಡು ಮೂರು ದಿನ ಮುಂದಿನದ್ದು

ಕಾಂತೀಯ ಬಿರುಗಾಳಿಗೆ ಎರಡು ಮೂಲ. ಒಂದು, ಸೂರ್ಯ ಉಗುಳುವ ಪ್ಲಾಸ್ಮಾದ (ವಿದ್ಯುದಾವೇಶ ಇರುವ ಅನಿಲದ) ಮೋಡ, ಅಂದರೆ ಸಿಎಂಇ. ಇನ್ನೊಂದು, ಕರೋನಾದ (ಸೂರ್ಯನ ಹೊರ ವಾತಾವರಣದ) ಕಂಡಿಗಳಿಂದ ಹೊರಡುವ ವೇಗದ ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಗಾಳಿ.

ಸಿಎಂಇ ನೋಡಲು 1995ರಲ್ಲಿ ಹಾರಿಸಿದ ಸೋಹೊ ನೌಕೆಯ ಲಾಸ್ಕೊ ಚಿತ್ರಗಳು ಈಗಲೂ ಚೆನ್ನ. ಸೂರ್ಯನನ್ನು ಒಂದು ಬಿಲ್ಲೆಯಿಂದ ಮುಚ್ಚಿ ಸುತ್ತಲಿನ ಮಸುಕಾದ ಬೆಳಕನ್ನು ತೋರಿಸುತ್ತವೆ. ಮೋಡ ಒಂದು ಪಕ್ಕಕ್ಕೆ ಹೋದರೆ ನಮಗಲ್ಲ. ಬಿಲ್ಲೆಯ ಸುತ್ತ ಉಂಗುರದ ಹಾಗೆ ಎಲ್ಲ ಕಡೆ ಹರಡಿದರೆ ಅದು ನೇರ ನಮ್ಮ ಕಡೆಗೆ, ಇಲ್ಲವೇ ನೇರ ಹಿಂದಕ್ಕೆ. ಯಾವುದು ಅಂತ ಹೇಳಲು ಆ ಹೊತ್ತಿಗೆ ಸೂರ್ಯನ ಮುಂಭಾಗದಲ್ಲಿ ಜ್ವಾಲೆ ಎದ್ದಿತ್ತಾ ಅಂತ ನೋಡಬೇಕು. ತೀರಾ ವೇಗದ್ದು ಒಂದು ದಿನದೊಳಗೇ ಬಂದು ಮುಟ್ಟುತ್ತದೆ. ಸಾಮಾನ್ಯವಾದದ್ದಕ್ಕೆ ಎರಡು ಮೂರು ದಿನ. ಕಂಪ್ಯೂಟರ್ ಮಾದರಿಗಳು ಹೇಳುವ ಸಮಯಕ್ಕೂ ಬಂದು ಬಡಿಯುವ ಸಮಯಕ್ಕೂ ಹತ್ತು ಗಂಟೆ ಆಚೀಚೆ ಆಗುವುದು ಮಾಮೂಲು. ಹಾಗಾಗಿ ‘ಶನಿವಾರ ಮಧ್ಯಾಹ್ನ’ ಅಂತ ಮುನ್ಸೂಚನೆ ಇದ್ದರೆ ನೀವು ‘ಶನಿವಾರ’ ಅಂತಷ್ಟೇ ಬರೆದುಕೊಳ್ಳಿ.

ಕರೋನಾ ಕಂಡಿಗಳು ಎಸ್‌ಡಿಒದ 193 ಆಂಗ್‌ಸ್ಟ್ರಮ್ ಚಿತ್ರದಲ್ಲಿ ಕರ್ರಗೆ ಕಾಣುತ್ತವೆ. ಇವು ತಿಂಗಳುಗಟ್ಟಲೆ ಉಳಿಯುತ್ತವೆ. ಭೂಮಿಯಿಂದ ನೋಡಿದರೆ ಸೂರ್ಯ ಸುಮಾರು 27 ದಿನಕ್ಕೊಮ್ಮೆ ಸುತ್ತು ಮುಗಿಸುತ್ತಾನೆ. ಹಾಗಾಗಿ ಈ ತಿಂಗಳು ಕಾಡಿದ ಕಂಡಿ 27 ದಿನದ ಮೇಲೆ ಮತ್ತೆ ನಮ್ಮೆದುರಿಗೆ ಬರುತ್ತದೆ. ಇಡೀ ಬಾಹ್ಯಾಕಾಶ ಹವಾಮಾನದಲ್ಲಿ ಮನೆಯಲ್ಲೇ ಕೂತು, ನಾಲ್ಕು ವಾರ ಮುಂಚೆ ಹೇಳಬಹುದಾದ ಸಂಗತಿ ಇದೊಂದೇ. ಇದನ್ನು ಹಿಡಿಯುವ ಉಪಾಯ ಮುಂದೆ ಹೇಳುತ್ತೇನೆ.

ಹಂತ 5: ಸೌರಮಾರುತದ ಅಂಕಿ, ಅದರಲ್ಲೂ ಬಿಝಡ್

ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಎಲ್1 ಅನ್ನುವ ಜಾಗ ಇದೆ. ನಮ್ಮ ಇಸ್ರೊದ ಆದಿತ್ಯ-ಎಲ್1 ಅಲ್ಲೇ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಅಲ್ಲಿಯ ಕಕ್ಷೆ ಸೇರಿತು. ಅದರಲ್ಲಿ ಏಳು ಉಪಕರಣಗಳಿವೆ. ಕರೋನಾ ನೋಡುವ ವಿಇಎಲ್‌ಸಿ ತಯಾರಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಸೌರಮಾರುತದ ಕಣಗಳನ್ನು ಅಳೆಯುವ ‘ಆಸ್ಪೆಕ್ಸ್’, ‘ಪಾಪಾ’ ಅನ್ನುವ ಉಪಕರಣಗಳು ಮತ್ತು ಕಾಂತಮಾಪಕವೂ ಇವೆ. ಅದರ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೊ ಕೇಂದ್ರದ ಮೂಲಕ ಎಲ್ಲರಿಗೂ ಸಿಗುತ್ತದೆ.

ಎಲ್1 ದಾಟಿದ ಗಾಳಿ ಭೂಮಿ ಮುಟ್ಟಲು ಹದಿನೈದು ನಿಮಿಷದಿಂದ ಒಂದು ಗಂಟೆ ಬೇಕು. ನಿಖರವಾದ ಎಚ್ಚರಿಕೆಗೆ ಸಿಗುವ ಸಮಯ ಅಷ್ಟೇ. ಪರದೆಯಲ್ಲಿ ವೇಗ, ದಟ್ಟಣೆ, ಕಾಂತಕ್ಷೇತ್ರ ಅಂತ ಗೆರೆಗಳು ಓಡುತ್ತಿರುತ್ತವೆ. ವೇಗ 300-400 ಇದ್ದರೆ ಮಾಮೂಲು, 600 ಕಿಲೋಮೀಟರ್ ದಾಟಿದರೆ ಜೋರು, ಅದೂ ಸೆಕೆಂಡಿಗೆ. ಆದರೆ ನಿಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಬಿಝಡ್ ಗೆರೆಯ ಮೇಲೆ. ಇದು ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದೆಯೋ ದಕ್ಷಿಣಕ್ಕೋ ಅಂತ ಹೇಳುತ್ತದೆ. ಪ್ಲಸ್ ಇದ್ದರೆ ಭೂಮಿಯ ಬಾಗಿಲು ಹಾಕಿದೆ. ಮೈನಸ್ ಇದ್ದರೆ ತೆರೆದಿದೆ. ಮೈನಸ್ 10 ನ್ಯಾನೊಟೆಸ್ಲಾದಲ್ಲಿ (ಕಾಂತಕ್ಷೇತ್ರದ ಅಳತೆ) ಮೂರು ಗಂಟೆ ಕೂತರೆ ಬಿರುಗಾಳಿ ಖಂಡಿತ.

ಇಲ್ಲೇ ಮುನ್ಸೂಚನೆಯ ದೊಡ್ಡ ತೊಡಕು ಇರುವುದು. ಸಿಎಂಇ ಸೂರ್ಯನಿಂದ ಹೊರಟಾಗ ಅದರ ಬಿಝಡ್ ಯಾವ ಕಡೆಗೆ ಅಂತ ನಂಬುವ ಹಾಗೆ ಹೇಳಲು ಯಾರಿಗೂ ಇನ್ನೂ ಆಗಿಲ್ಲ. ಅದು ಎಲ್1 ಮುಟ್ಟಿದಾಗಲೇ ಗೊತ್ತಾಗುವುದು. ‘ಜಿ3 (ಜೋರು ಬಿರುಗಾಳಿ) ಬರುತ್ತದೆ’ ಅಂತ ಹೇಳಿದ್ದು ಎಷ್ಟೋ ಸಲ ಏನೂ ಆಗದೆ ಮುಗಿಯುವುದು ಇದಕ್ಕೇ. ಹೇಳಿದವರು ತಪ್ಪು ಮಾಡಿದರು ಅಂತಲ್ಲ. ವಿಜ್ಞಾನ ಇವತ್ತು ನಿಂತಿರುವ ಜಾಗ ಅದು.

ಹಂತ 6: ಕೆಪಿ, ಜಿ, ಡಿಎಸ್‌ಟಿ

ಕೆಪಿ ಅಂದರೆ ಮೂರು ಗಂಟೆಗೊಮ್ಮೆ ಇಡೀ ಭೂಮಿಯ ಕಾಂತೀಯ ಗಲಿಬಿಲಿಗೆ ಕೊಡುವ ಅಂಕ, 0ಯಿಂದ 9. ಜರ್ಮನಿಯ ಜೂಲಿಯಸ್ ಬಾರ್ಟೆಲ್ಸ್ ರೂಪಿಸಿದ ಪದ್ಧತಿ. 5 ಮುಟ್ಟಿದರೆ ಜಿ1 ಬಿರುಗಾಳಿ, 6ಕ್ಕೆ ಜಿ2, ಹೀಗೇ 9ಕ್ಕೆ ಜಿ5. ಕೆಪಿ ಲೆಕ್ಕಕ್ಕೆ ಬಳಸುವ 13 ವೀಕ್ಷಣಾಲಯಗಳು ನಮ್ಮ ಅಕ್ಷಾಂಶದಿಂದ ಬಹಳ ದೂರ, ನಡು ಅಕ್ಷಾಂಶಗಳಲ್ಲಿವೆ. ನಮಗೆ ಹತ್ತಿರದ ಅಳತೆ ಡಿಎಸ್‌ಟಿ. ಸಮಭಾಜಕದ ಸುತ್ತಮುತ್ತ ಕಾಂತಕ್ಷೇತ್ರ ಎಷ್ಟು ಕುಗ್ಗಿತು ಅಂತ ಅದು ಹೇಳುತ್ತದೆ. ಜಪಾನಿನ ಕ್ಯೋಟೊದಿಂದ ಪ್ರಕಟವಾಗುತ್ತದೆ. ಮೈನಸ್ 50 ನ್ಯಾನೊಟೆಸ್ಲಾ ಅಂದರೆ ಮಧ್ಯಮ, ಮೈನಸ್ 100 ಅಂದರೆ ತೀವ್ರ. ನಮ್ಮ ದೇಶದಲ್ಲೂ ಇದಕ್ಕೆ ಹಳೆಯ ಪರಂಪರೆ ಇದೆ. 1859ರ ಸೆಪ್ಟೆಂಬರ್‌ನ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಸುಮಾರು 1600 ನ್ಯಾನೊಟೆಸ್ಲಾ ಕುಸಿತ ದಾಖಲಾಗಿದೆ. ಮುಂದೆ ಮುಂಬೈಗೆ ವಿದ್ಯುತ್ ಟ್ರಾಂ ಬಂದು ಅಳತೆ ಕೆಡುತ್ತದೆ ಅಂತ ಆ ಕೆಲಸವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಿದರು.

ಡ್ರೋನ್ ಹಾರಿಸುವವರು ಈ ಕೆಪಿ ನೋಡಿ ಸುಮ್ನೆ ಹೆದರುವುದುಂಟು, ಯಾಕಂದರೆ ಕೆಲವು ಡ್ರೋನ್ ಆ್ಯಪ್‌ಗಳು ಅದನ್ನು ಕೆಂಪಗೆ ತೋರಿಸುತ್ತವೆ. ದಿಕ್ಸೂಚಿ ತಿರುಗಿಬಿಡುತ್ತದೇನೋ ಅನ್ನುವ ಭಯ. ಲೆಕ್ಕ ಹಾಕಿ. ನಮ್ಮಲ್ಲಿ ಭೂಕಾಂತ ಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ, ಅದೂ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿದೆ. ಭಾರೀ ಬಿರುಗಾಳಿಯಲ್ಲೂ ಅದು ಏರುಪೇರಾಗುವುದು ಕೆಲವು ನೂರು. ಎಲ್ಲ ಬದಲಾವಣೆಯೂ ಅಡ್ಡಕ್ಕೇ ಆಯಿತು ಅಂದುಕೊಂಡರೂ ಮುಳ್ಳು ತಿರುಗುವುದು ಅರ್ಧ ಡಿಗ್ರಿಯ ಆಸುಪಾಸು. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಲು ಅದರಿಂದ ಏನೂ ಆಗದು. ನಿಮ್ಮ ಡ್ರೋನ್ ಕಾಳಜಿ ಮಾಡಬೇಕಾದದ್ದು ಮುಂದಿನ ಹಂತದ್ದು.

ಹಂತ 7: ನಮ್ಮ ಸಂಜೆ

ಇದು ಈ ಬರಹದ ಮುಖ್ಯ ಭಾಗ. ನಿಧಾನವಾಗಿ ಓದಿ.

ಹಗಲಲ್ಲಿ ಸೂರ್ಯನ ನೇರಳಾತೀತ ಕಿರಣ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಸೂರ್ಯ ಮುಳುಗಿದ ಕೂಡಲೇ ಕೆಳಗಿನ ಪದರದಲ್ಲಿ ಅವು ಬೇಗ ಕೂಡಿಕೊಂಡು ಮಾಯವಾಗುತ್ತವೆ. ಮೇಲಿನ ಪದರ ಮಾತ್ರ ದಟ್ಟವಾಗಿ ಉಳಿಯುತ್ತದೆ. ಕಾಂತೀಯ ಸಮಭಾಜಕದ ಹತ್ತಿರ ಇನ್ನೊಂದು ವಿಶೇಷ ನಡೆಯುತ್ತದೆ. ಮುಸ್ಸಂಜೆಯ ಹೊತ್ತಿಗೆ ಅಲ್ಲಿಯ ವಿದ್ಯುತ್ ಕ್ಷೇತ್ರ ಒಮ್ಮೆ ಬಲವಾಗಿ ಆ ದಟ್ಟ ಪದರವನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ಈಗ ಭಾರದ್ದು ಮೇಲೆ, ಹಗುರದ್ದು ಕೆಳಗೆ. ಲೋಟದ ಎಣ್ಣೆಯ ಮೇಲೆ ನೀರು ಸುರಿದರೆ ಎಣ್ಣೆ ತೂರಿಕೊಂಡು ಮೇಲೆ ಬರುತ್ತದಲ್ಲ, ಹಾಗೆ ಕೆಳಗಿನ ತೆಳು ಪ್ಲಾಸ್ಮಾ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಸಾವಿರ ಕಿಲೋಮೀಟರ್ ಎತ್ತರ ದಾಟುವುದೂ ಉಂಟು. ಕಾಂತ ರೇಖೆಗಳುದ್ದಕ್ಕೂ ಉತ್ತರ ದಕ್ಷಿಣವಾಗಿ ಚಾಚಿಕೊಂಡು, ಪಡುವಣದಿಂದ ಮೂಡಣಕ್ಕೆ ಸೆಕೆಂಡಿಗೆ ನೂರು ಮೀಟರ್ ಲೆಕ್ಕದಲ್ಲಿ ಸಾಗುತ್ತದೆ.

ಜಿಪಿಎಸ್ ಉಪಗ್ರಹದ ಅಲೆ ಈ ಗುಳ್ಳೆಯ ಒರಟು ಅಂಚುಗಳನ್ನು ಹಾದು ಬಂದಾಗ ನಕ್ಷತ್ರದ ಬೆಳಕಿನ ಹಾಗೆ ಮಿನುಗುತ್ತದೆ. ಸಂಕೇತದ ಬಲ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ರೋವರ್ ಸೆಂಟಿಮೀಟರ್ ನಿಖರತೆಗೆ ನೆಚ್ಚಿಕೊಂಡಿರುವುದು ಆ ಅಲೆಯ ಹಂತದ ಎಣಿಕೆಯನ್ನು. ಎಣಿಕೆ ತಪ್ಪಿತು, ಫಿಕ್ಸ್ ಹೋಯಿತು.

ಇದು ಯಾವಾಗ ಜಾಸ್ತಿ? ಮೂರು ಸಂಗತಿ ಸೇರಬೇಕು.

ಮೊದಲನೆಯದು ತಿಂಗಳು. ಭಾರತದ ಮೇಲೆ ಫೆಬ್ರವರಿ ಕೊನೆಯಿಂದ ಏಪ್ರಿಲ್, ಮತ್ತೆ ಸೆಪ್ಟೆಂಬರ್, ಅಕ್ಟೋಬರ್. ಹಗಲು ರಾತ್ರಿ ಸಮನಾಗುವ ದಿನಗಳ ಆಚೀಚೆ. ಜೂನ್, ಜುಲೈನಲ್ಲಿ ತೀರಾ ಕಮ್ಮಿ. ಎರಡನೆಯದು ಸೂರ್ಯನ ಚುರುಕು. ಎಫ್ 10.7 ಅಂಕಿ 150 ದಾಟಿದ ತಿಂಗಳುಗಳಲ್ಲಿ ಸಂಜೆಯ ಮೇಲೆ ನಂಬಿಕೆ ಇಡಬೇಡಿ. 80ರ ಕೆಳಗಿದ್ದರೆ ನಿಶ್ಚಿಂತೆ. ಮೂರನೆಯದು ಗಂಟೆ. ಸಾಮಾನ್ಯವಾಗಿ ಸಂಜೆ ಏಳೂವರೆಗೆ ಶುರುವಾಗಿ ನಡುರಾತ್ರಿಯೊಳಗೆ ತಣ್ಣಗಾಗುತ್ತದೆ.

ಗಮನಿಸಿ, ಈ ಮೂರರಲ್ಲಿ ಕೆಪಿ ಇಲ್ಲ. ಕೆಪಿ 1 ಇರುವ ಶಾಂತ ದಿನವೂ ಗುಳ್ಳೆಗಳು ಏಳುತ್ತವೆ. ಕಾಂತೀಯ ಬಿರುಗಾಳಿ ಬಂದಾಗ ಎರಡು ಥರವೂ ಆಗಬಹುದು. ಬಿಝಡ್ ನಮ್ಮ ಮುಸ್ಸಂಜೆಯ ಹೊತ್ತಿಗೇ ದಕ್ಷಿಣಕ್ಕೆ ತಿರುಗಿದರೆ ಗುಳ್ಳೆಗಳಿಗೆ ಇನ್ನಷ್ಟು ಬಲ ಬರುತ್ತದೆ. ಬಿರುಗಾಳಿ ಬೆಳಗ್ಗೆಯೇ ಎದ್ದು ಹಗಲೆಲ್ಲ ನಡೆದಿದ್ದರೆ ಅದೇ ಸಂಜೆ ಗುಳ್ಳೆಗಳು ಏಳದಂತೆ ತಡೆಯಲೂಬಹುದು. ಆ ಎರಡು ಮನೆಗಳಿಗೆ ಗುರುತು ಹಾಕಲು ಹೇಳಿದ್ದು ಇದಕ್ಕೇ.

ನೀವೇ ಪರೀಕ್ಷಿಸಬಹುದು. ಉಪಗ್ರಹಗಳ ಸಂಕೇತದ ಬಲ ತೋರಿಸುವ ಯಾವುದಾದರೂ ಉಚಿತ ಜಿಪಿಎಸ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ತಾರಸಿಯ ಮೇಲೆ ಸಮತಟ್ಟಾಗಿ ಇಟ್ಟು ಕೈ ತೆಗೆಯಿರಿ. ಮಧ್ಯಾಹ್ನ ನೋಡಿದರೆ ನೆತ್ತಿಯ ಹತ್ತಿರದ ಉಪಗ್ರಹಗಳ ಪಟ್ಟಿಗಳು 35ರಿಂದ 45 ಡೆಸಿಬೆಲ್ ನಡುವೆ ಹೆಚ್ಚುಕಡಿಮೆ ನಿಂತ ಹಾಗೇ ಇರುತ್ತವೆ. ಏಪ್ರಿಲ್‌ನ ಒಂದು ಕೆಟ್ಟ ಸಂಜೆ ಎಂಟೂವರೆಗೆ ನೋಡಿ. ಆಕಾಶದ ಒಂದೇ ಮೂಲೆಯ ಎರಡು ಮೂರು ಪಟ್ಟಿಗಳು ಕುಣಿಯುತ್ತಿರುತ್ತವೆ. 42 ಇದ್ದದ್ದು 25ಕ್ಕೆ ಬಿದ್ದು ಎರಡು ಸೆಕೆಂಡಿನಲ್ಲಿ ಮತ್ತೆ 40. ಉಳಿದ ಕಡೆಯವು ನೆಟ್ಟಗಿರುತ್ತವೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಕುಣಿತ ಪಕ್ಕದ ಉಪಗ್ರಹಗಳಿಗೆ ದಾಟಿರುತ್ತದೆ. ಗುಳ್ಳೆ ನಿಮ್ಮ ತಲೆಯ ಮೇಲೆ ಹಾದುಹೋಗುವುದನ್ನು ನೀವು ನೋಡುತ್ತಿದ್ದೀರಿ.

ಆದರೆ ಎಲ್ಲ ತಪ್ಪನ್ನೂ ಸೂರ್ಯನ ತಲೆಗೆ ಕಟ್ಟಬೇಡಿ. ಚನ್ನಗಿರಿಯ ಅಡಿಕೆ ತೋಟದೊಳಗೆ ಫಿಕ್ಸ್ ಬರದಿದ್ದರೆ ಅದು ಮರಗಳ ಕೆಲಸ, ಹಗಲಲ್ಲೂ ಹಾಗೇ ಇರುತ್ತದೆ. ದುರ್ಗದ ಕೋಟೆಯ ಬಂಡೆಗಳ ಸಂದಿಯಲ್ಲಿ ಅಲೆ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಮೋಡ, ಮಳೆಯಿಂದ ಜಿಪಿಎಸ್‌ಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಬಯಲಲ್ಲಿ, ಸಂಜೆ ಮಾತ್ರ, ಒಂದು ದಿಕ್ಕಿನ ಉಪಗ್ರಹಗಳು ಮಾತ್ರ ಕೆಡುತ್ತಿದ್ದರೆ ಆಗ ಮೇಲೆ ನೋಡಿ.

ಹಗಲಿನದ್ದು ಬೇರೆ ಬಗೆಯ ತೊಂದರೆ. ಅದು ಮಿನುಗುವುದಲ್ಲ, ವಿಳಂಬ. ಅಯಾನುಗೋಳದ ಒಟ್ಟು ಎಲೆಕ್ಟ್ರಾನ್ ಎಣಿಕೆಯನ್ನು ಟಿಇಸಿ ಅನ್ನುತ್ತಾರೆ. ಅದರ ಒಂದು ಘಟಕಕ್ಕೆ ಜಿಪಿಎಸ್‌ನ ಎಲ್1 ಅಲೆಯಲ್ಲಿ (ಇದು ಒಂದು ಕಂಪನಾಂಕದ ಹೆಸರು, ಆದಿತ್ಯ ಇರುವ ಜಾಗವಲ್ಲ) 16 ಸೆಂಟಿಮೀಟರ್ ತಪ್ಪು. ಸೂರ್ಯ ಚುರುಕಾಗಿರುವ ವರ್ಷದಲ್ಲಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ದೇಶದ ಕೆಲವೆಡೆ ಅದು 100 ದಾಟುತ್ತದೆ. ಅಂದರೆ 16 ಮೀಟರ್. ಎರಡು ಕಂಪನಾಂಕ ಹಿಡಿಯುವ ಫೋನು, ರಿಸೀವರ್‌ಗಳು ಈ ತಪ್ಪನ್ನು ತಾವೇ ಲೆಕ್ಕ ಹಾಕಿ ಕಳೆದುಬಿಡುತ್ತವೆ. ಹೊಸ ಫೋನು ತಗೊಳ್ಳುವಾಗ ಎಲ್5 (ಆ ಎರಡನೇ ಕಂಪನಾಂಕ) ಇದೆಯಾ ಅಂತ ಕೇಳಿ. ಜಿಪಿಎಸ್ ಥರದ ನಮ್ಮ ದೇಶದ್ದೇ ವ್ಯವಸ್ಥೆ ನಾವಿಕ್ ಕೂಡ ಎಲ್5ನಲ್ಲಿ ಸಿಗುತ್ತದೆ.

ಹಂತ 8: 27 ಮನೆಯ ಪುಸ್ತಕ

ಒಂದು ಗ್ರಾಫ್ ಹಾಳೆ ತಗೊಳ್ಳಿ. ಅಡ್ಡಕ್ಕೆ 27 ಮನೆ ಹಾಕಿ. ಮೂವತ್ತಲ್ಲ, ಇಪ್ಪತ್ತೇಳು. ದಿನಕ್ಕೊಂದು ಮನೆ. ಅದರಲ್ಲಿ ಆ ದಿನದ ಅತಿ ಹೆಚ್ಚಿನ ಕೆಪಿ ಬರೆಯಿರಿ. 4ರವರೆಗಿನ ಮನೆಗೆ ಬಣ್ಣ ಬೇಡ, 5 ಮತ್ತು ಮೇಲಿನದಕ್ಕೆ ಬಣ್ಣ ಹಚ್ಚಿ. 28ನೇ ದಿನ ಕೆಳಗಿನ ಸಾಲಿಗೆ ಬನ್ನಿ. ಮೂರು ಸಾಲು ತುಂಬುವ ಹೊತ್ತಿಗೆ ಕೆಲವು ಬಣ್ಣದ ಮನೆಗಳು ಒಂದರ ಕೆಳಗೊಂದು ಕೂತಿರುವುದು ಕಾಣುತ್ತದೆ. ಅವು ಕರೋನಾ ಕಂಡಿಗಳು. ಒಂಟಿಯಾಗಿ ಅಲ್ಲೊಂದು ಇಲ್ಲೊಂದು ಬಿದ್ದಿರುವವು ಸಿಎಂಇ. ಬಾರ್ಟೆಲ್ಸ್ ಮಾಡಿದ್ದೂ ಇಂಥದ್ದೇ ಪಟ್ಟಿ. ಕರೋನಾ ಕಂಡಿಯನ್ನು ಯಾರೂ ಕಣ್ಣಿಂದ ನೋಡುವ ಮುಂಚೆಯೇ, ಸೂರ್ಯನ ಮೇಲೆ ಬಿರುಗಾಳಿ ಎಬ್ಬಿಸುವ ಜಾಗಗಳಿವೆ ಅಂತ ಅವರು ಕಾಗದದ ಮೇಲೇ ಗುರುತಿಸಿದ್ದರು.

ಅದೇ ಮನೆಯ ಮೂಲೆಯಲ್ಲಿ ಎಫ್ 10.7 ಬರೆಯಿರಿ. ಸಂಜೆ ಜಿಪಿಎಸ್ ಕುಣಿದಿದ್ದರೆ ಒಂದು ಚುಕ್ಕೆ ಇಡಿ. ಒಂದು ವರ್ಷ ಮಾಡಿದರೆ ದಾವಣಗೆರೆಯ ಆಕಾಶದ ಬಗ್ಗೆ ಬೌಲ್ಡರ್‌ನವರ ಪಟ್ಟಿಯಲ್ಲಿ ಇಲ್ಲದ ಮಾಹಿತಿ ನಿಮ್ಮ ಕೈಯಲ್ಲಿರುತ್ತದೆ. ಹೈಸ್ಕೂಲಿನ ವಿಜ್ಞಾನ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಖರ್ಚು ಒಂದು ಹಾಳೆಯದ್ದು.

ದೊಡ್ಡ ಎಚ್ಚರಿಕೆ ಬಂದ ದಿನ

2024ರ ಮೇ 10ನ್ನೇ ತಗೊಳ್ಳಿ. ಆ ಸಲ ಜಿ4 ಮುನ್ನೆಚ್ಚರಿಕೆ ಕೊಟ್ಟಿದ್ದರು, 2005ರ ನಂತರ ಮೊದಲ ಬಾರಿಗೆ. ಒಂದರ ಹಿಂದೊಂದು ಸಿಎಂಇಗಳು ಹೊರಟಿದ್ದವು. ಬಂದು ಬಡಿದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ. ಬೆಳಗಿನ ಜಾವ 4.24ಕ್ಕೆ ಅದು ಜಿ5 ಮುಟ್ಟಿತು. 2003ರ ಅಕ್ಟೋಬರ್ ಆದಮೇಲೆ ಮೊದಲ ಜಿ5. ಡಿಎಸ್‌ಟಿ ಮೈನಸ್ 400ರ ಹತ್ತಿರ ಹೋಯಿತು. ಲಡಾಖಿನ ಹಾನ್ಲೆಯ ಕ್ಯಾಮೆರಾಗಳಲ್ಲಿ ಆಕಾಶ ಕೆಂಪಾಗಿ ಕಂಡಿತು. ಬಿತ್ತನೆಯ ಹಂಗಾಮಿನಲ್ಲಿದ್ದ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಸಾಲು ತಪ್ಪಿ ನಿಂತವು. ದಾವಣಗೆರೆಯಲ್ಲಿ ಕೆಂಪು ಬೆಳಕು ಕಾಣಲಿಲ್ಲ, ಮುಂದೆ ಕಾಣುತ್ತದೆ ಅಂತ ಕಾಯುವುದೂ ಬೇಡ.

ಅಂಥ ದಿನ ಸರ್ವೆ ಮಾಡುವವರು ಬೆಳಗ್ಗೆ ಏಳರಿಂದ ಹನ್ನೊಂದರೊಳಗೆ ಮುಖ್ಯ ಪಾಯಿಂಟ್‌ಗಳನ್ನು ಮುಗಿಸಿಕೊಳ್ಳಿ. ಗಡಿಕಲ್ಲಿನಂಥ ಜಗಳದ ಪಾಯಿಂಟ್‌ಗಳನ್ನು ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ತಗೊಂಡು ತಾಳೆ ನೋಡಿ. ಒಂದೇ ಸಲ ಬಂದ ಫಿಕ್ಸ್ ನಂಬಬೇಡಿ. ಡ್ರೋನ್‌ನವರು ಬೆಳಗಿನ ಹೊತ್ತೇ ಇಟ್ಟುಕೊಳ್ಳಿ, ಜಿಪಿಎಸ್ ಹೋದರೆ ಕೈಯಲ್ಲಿ ಇಳಿಸಲು ಬರುವವರೇ ಹಾರಿಸಲಿ. ನಮ್ಮ ಸೀಮೆಯಲ್ಲಿ ಉಪಗ್ರಹ ದಾರಿದೀಪವನ್ನು ನೆಚ್ಚಿದ ಕೆಲಸ ಜಾಸ್ತಿಯಾಗುತ್ತಲೇ ಇದೆ. ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಸ್ರೊ 2023, 2024ರಲ್ಲಿ ರೆಕ್ಕೆಯ ಮರುಬಳಕೆ ವಾಹನವನ್ನು ತಾನಾಗೇ ರನ್‌ವೇಗೆ ಇಳಿಸಿದಾಗ ಅದರ ದಾರಿ ತೋರಿಸಿದ ಸಾಧನಗಳಲ್ಲಿ ನಾವಿಕ್ ಕೂಡ ಇತ್ತು.

ಹ್ಯಾಮ್ ರೇಡಿಯೊದವರು ತುರ್ತು ಮಾತಿಗೆ ವಿಎಚ್‌ಎಫ್ ಸಿದ್ಧ ಇಟ್ಟುಕೊಳ್ಳಿ. ಶಾರ್ಟ್‌ವೇವ್ ಕೆಟ್ಟರೂ ಊರೊಳಗಿನ ಮಾತು ನಡೆಯುತ್ತದೆ.

ಇನ್ನು ಮನೆಯವರಿಗೆ. ‘ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಫೋನ್ ಆಫ್ ಮಾಡಿ ದೂರ ಇಡಿ’ ಅನ್ನುವ ವಾಟ್ಸಾಪ್ ಸಂದೇಶ ಆಗ ತಪ್ಪದೆ ಬರುತ್ತದೆ. ಅಜ್ಜಿ ಕೇಳಿದರೆ ಹೀಗೆ ಹೇಳಿ: ನಮ್ಮ ತಲೆಯ ಮೇಲೆ ದಪ್ಪ ಗಾಳಿಯ ಹೊದಿಕೆ ಇದೆ, ಭೂಮಿಯ ಕಾಂತಕ್ಷೇತ್ರ ಇದೆ, ನೆಲದ ಮೇಲಿರುವ ನಮ್ಮ ಮೈಗೂ ಫೋನಿಗೂ ಏನೂ ಆಗಲ್ಲ ಅಜ್ಜಿ. ಆಮೇಲೆ ಆ ಸಂದೇಶದಲ್ಲಿ ಕೆಪಿ ಎಷ್ಟು, ಯಾರು ಹೇಳಿದ್ದು, ಎಷ್ಟು ಗಂಟೆಯ ಮುನ್ಸೂಚನೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಆ ಸಂಜೆ ಆರರ ಮುನ್ಸೂಚನೆಯ ಮೂರು ಸಾಲನ್ನು ಕನ್ನಡದಲ್ಲಿ ಬರೆದು ವಾಪಸ್ ಕಳಿಸಿ.